ಚಿನ್ನಕ್ಕೆಟಿನ್ ಎಂಬ ಹೆಸರನ್ನು ಹಿಂಪಡೆಯುವ ಬಗ್ಗೆ

ಇಂದ,
ಲೆಕ್ಕದ ಕೋಣೆಯ ಸಂಶೋಧಕಿ,
ಮೇಲಿನ ಮಹಡಿ, ಜೆರಾಕ್ಸ್ ಯಂತ್ರದ ಈಚೆ ಬಾಗಿಲು,
ಸಸ್ಯ ರಸಾಯನ ವಿಭಾಗ.

ಗೆ,
ಮಾನ್ಯ ಮುಖ್ಯಸ್ಥರು,
ಮೇಲಿನ ಮಹಡಿ, ಅದೇ ಜೆರಾಕ್ಸ್ ಯಂತ್ರದ ಆಚೆ ಬಾಗಿಲು,
ಸಸ್ಯ ರಸಾಯನ ವಿಭಾಗ.

ವಿಷಯ: ಕೋಷ್ಟಕ ಸಲ್ಲಿಸಲು ತಡವಾದುದಕ್ಕೆ ವಿವರಣೆ, ನನ್ನ ಅತ್ತೆಯವರ ಹೆಸರನ್ನು ಒಂದು ಹಳದಿ ಪುಡಿಯಿಂದ ಹಿಂಪಡೆಯುವುದು, ಹಾಗೂ ಇತರೆ.

ಉಲ್ಲೇಖ:
೧. ಕೋಷ್ಟಕ ಏಕೆ ಬಂದಿಲ್ಲವೆಂದು ಕಾರಣ ಕೇಳಿ ತಾವು ಹೊರಡಿಸಿದ ಮೆಮೊ.
೨. ಅದೇ ದಿನ ಕಾರಿಡಾರಿನಲ್ಲಿ ತಾವು ಮೌಖಿಕವಾಗಿ ತಿಳಿಸಿದ "ಮೆಮೊನ ಮನಸ್ಸಿಗೆ ಹಚ್ಕೋಬೇಡಮ್ಮ" ಎಂಬ ತಿದ್ದುಪಡಿ.
೩. ನನ್ನ ಅತ್ತೆಯವರ ಆದೇಶ, ಅಡುಗೆಮನೆ, ಮೌಖಿಕ, ತಿದ್ದುಪಡಿ ಇಲ್ಲ.

ಮಾನ್ಯರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮ ಅವಗಾಹನೆಗೆ ತರಬಯಸುವುದೇನೆಂದರೆ, ನಾನು ಈ ವಿಭಾಗದಲ್ಲಿ ಗಿಡಗಳ ಫ್ಲೇವನಾಯ್ಡುಗಳೆಂಬ ಬಣ್ಣದ ವಸ್ತುಗಳಲ್ಲಿರುವ ಇಂಗಾಲಗಳು ಎನ್‌ಎಂಆರ್ ಯಂತ್ರದಲ್ಲಿ ಯಾವ ಯಾವ ಅಂಕಿ ತೋರಿಸಬಹುದೆಂದು ಮುಂಚಿತವಾಗಿ ಲೆಕ್ಕ ಹಾಕಿ ಹೇಳುವ ಕೆಲಸದಲ್ಲಿರುತ್ತೇನೆ. ನನ್ನ ಪತಿಯವರು ಇದೇ ಕಟ್ಟಡದ ಕೆಳಮಹಡಿಯಲ್ಲಿ ಎಲೆಗಳನ್ನು ಒಣಗಿಸಿ, ಪುಡಿ ಮಾಡಿ, ಮೆಥನಾಲಿನಲ್ಲಿ ನೆನೆಹಾಕಿ, ಅದರೊಳಗಿನ ವಸ್ತುಗಳನ್ನು ಬೇರೆ ಬೇರೆ ಮಾಡುವ ಕೆಲಸದಲ್ಲಿರುತ್ತಾರೆ. ನಮ್ಮಿಬ್ಬರ ನಡುವೆ ಮೆಟ್ಟಿಲುಗಳಿವೆ. ಈಚೆಗೆ ಮೆಟ್ಟಿಲುಗಳಲ್ಲದೆ ಬೇರೆ ಕೆಲವೂ ಬಂದು ಕೂತಿದ್ದವು. ಆ ಕುರಿತು ಈ ಅರ್ಜಿ.

೧. ಮೊದಲಿಗೆ ನನ್ನ ಕೆಲಸವೇನೆಂದು ಒಂದೆರಡು ಮಾತು. ತಮಗೆ ತಿಳಿಯದ್ದೇನಲ್ಲ. ಆದರೆ ಈ ಅರ್ಜಿಯ ಒಂದು ಪ್ರತಿಯನ್ನು ನನ್ನ ಅತ್ತೆಯವರು ಓದಲಿದ್ದಾರೆ. "ನನ್ನ ಹೆಸರಿನ ವಿಷಯ ಬರೀತಿದೀಯ, ನನಗೆ ಅರ್ಥವಾಗೋ ಹಾಗೆ ಬರಿ, ಸುತ್ತಿ ಬಳಸಬೇಡ" ಎಂದು ಅವರು ಹೇಳಿರುವ ಕಾರಣ ವಿವರಿಸುತ್ತಿದ್ದೇನೆ. ಒಂದು ಅಣುವಿನಲ್ಲಿ ಎಷ್ಟೋ ಇಂಗಾಲಗಳಿರುತ್ತವೆ. ಆ ಯಂತ್ರದ ದೊಡ್ಡ ಅಯಸ್ಕಾಂತದ ನಡುವೆ ಇಟ್ಟು ಮಾತಾಡಿಸಿದರೆ ಒಂದೊಂದೂ ತನ್ನ ತನ್ನ ಅಂಕಿ ಹೇಳುತ್ತದೆ. ಪಕ್ಕದಲ್ಲಿ ಯಾರಿದ್ದಾರೆ ಎಂಬುದರ ಮೇಲೆ ಆ ಅಂಕಿ ಏರುತ್ತದೆ, ಇಳಿಯುತ್ತದೆ. ಇದಕ್ಕೆ ರಾಸಾಯನಿಕ ಪಲ್ಲಟ ಎಂದು ಹೆಸರು. ಅಣುವಿನ ಚಿತ್ರ ಬರೆದು ಕೊಟ್ಟರೆ, ಯಂತ್ರವನ್ನು ಮುಟ್ಟದೆಯೇ, ಯಾವ ಇಂಗಾಲ ಎಷ್ಟು ಹೇಳಬಹುದೆಂದು ನಾನು ಲೆಕ್ಕ ಹಾಕುತ್ತೇನೆ. ಆಮೇಲೆ ಯಂತ್ರದ ಅಂಕಿಗಳನ್ನು ಪಕ್ಕದಲ್ಲಿಟ್ಟು ನೋಡುತ್ತೇನೆ. ಎರಡೂ ಹೊಂದಿದರೆ ಚಿತ್ರ ಬಹುಮಟ್ಟಿಗೆ ಸರಿ. ಹೊಂದದಿದ್ದರೆ ಚಿತ್ರ ತಪ್ಪು, ಇಲ್ಲವೇ ನಾನು ತಪ್ಪು. ಎರಡನೆಯದನ್ನು ಮೊದಲು ಪರೀಕ್ಷಿಸುವುದು ಈ ಕೆಲಸದ ಕಷ್ಟ.

೨. ನನ್ನ ಪತಿಯವರು ನಮ್ಮ ಕಟ್ಟಡದ ಹಿಂದಿನ ಬೇಲಿಗಿಡದ ಎಲೆಯಿಂದ ಒಂದು ಹಳದಿ ಪುಡಿ ತೆಗೆದದ್ದು ತಮಗೆ ತಿಳಿದೇ ಇದೆ. ಕಾರು ನಿಲ್ಲಿಸುವವರು ಬೈದುಕೊಂಡು ಸವರಿಸುತ್ತಿದ್ದ ಗಿಡ ಅದು. ಚೀಲಗಟ್ಟಲೆ ಎಲೆ ಹೋಗಿ, ಡ್ರಮ್ಮುಗಟ್ಟಲೆ ಮೆಥನಾಲ್ ಹೋಗಿ, ಕೊನೆಗೆ ಉಳಿದದ್ದು ಸಣ್ಣ ಸೀಸೆಯ ತಳ ಮುಚ್ಚುವಷ್ಟು ಪುಡಿ. ಅದನ್ನು ಅವರು ಮೊದಲ ಸಲ ಕಿಟಕಿಯ ಬೆಳಕಿಗೆ ಹಿಡಿದು ನನಗೆ ತೋರಿಸಿದಾಗ, ಮದುವೆಗೆ ಮುಂಚೆ ನನ್ನನ್ನು ನೋಡಲು ಬಂದ ದಿನಕ್ಕಿಂತ ಹೆಚ್ಚು ಸಂಕೋಚಪಟ್ಟುಕೊಂಡಿದ್ದರು ಎಂಬುದನ್ನು ಈ ಮೂಲಕ ದಾಖಲಿಸುತ್ತೇನೆ.

೩. ಪುಡಿ ಅಷ್ಟು ಕಡಿಮೆ ಇದ್ದ ಕಾರಣ ಇಂಗಾಲದ ಅಳತೆ ಬೇಗ ಆಗುವಂತಿರಲಿಲ್ಲ. ಆದ್ದರಿಂದ ಅಣುವಿನ ತೂಕವನ್ನೂ ಹೈಡ್ರೋಜನ್ನುಗಳ ಅಳತೆಯನ್ನೂ ನಂಬಿ ಅವರು ಚಿತ್ರ ಬರೆದರು. ಆ ಚಿತ್ರದ ಪ್ರಕಾರ, ಅಣುವಿನಲ್ಲಿರುವ ಒಂದೇ ಒಂದು ಮೆಥಾಕ್ಸಿ ಗುಂಪು, ಅಂದರೆ ಆಮ್ಲಜನಕವೊಂದಕ್ಕೆ ಜೋತುಬಿದ್ದ ಒಂದು ಇಂಗಾಲ ಮತ್ತು ಅದರ ಮೂರು ಹೈಡ್ರೋಜನ್, ಉಂಗುರದ ಏಳನೆಯ ಜಾಗದಲ್ಲಿ ಕೂತಿತ್ತು. ಅಂಥ ಅಣು ಈವರೆಗೆ ಯಾವ ಗಿಡದಲ್ಲೂ ಯಾರಿಗೂ ಸಿಕ್ಕಿರಲಿಲ್ಲ. ಆದ್ದರಿಂದ ಅದು ಹೊಸದು. ಹೊಸದಾದ್ದರಿಂದ ಹೆಸರಿಡಬಹುದು. ಹೆಸರಿಡಬಹುದಾದ್ದರಿಂದ ಅವರು ತಮ್ಮ ತಾಯಿಯ ಹೆಸರಿಟ್ಟರು.

೪. ಇಲ್ಲಿ ಅತ್ತೆಯವರ ಬಗ್ಗೆ ಹೇಳದೆ ಮುಂದೆ ಹೋಗುವಂತಿಲ್ಲ. ಅವರು ಸಿನಿಮಾ ಮಂದಿರವೊಂದರಲ್ಲಿ ಟಿಕೆಟ್ ಕಿಟಕಿಯ ಹಿಂದೆ ಕೂತು ನಿವೃತ್ತರಾದವರು. ದಾಖಲೆಯಲ್ಲಿ ಅವರ ಹೆಸರು ಬೇರೆ. ಸಾಲಿನಲ್ಲಿ ನಿಂತವರೆಲ್ಲ ಕರೆದದ್ದು ಚಿನ್ನಕ್ಕ ಎಂದು. ಆ ಕಿಟಕಿ ಅಂಗೈಯಗಲದ್ದು. "ಇಷ್ಟು ವರ್ಷ ಜನ ನೋಡಿದ್ದು ನನ್ನ ಕೈ ಮಾತ್ರ ಕಣಮ್ಮ. ಬೀದೀಲಿ ಎದುರಿಗೆ ಬಂದ್ರೆ ಒಬ್ಬರಿಗೂ ಗುರುತು ಸಿಕ್ತಿರಲಿಲ್ಲ" ಎಂದು ಅವರು ನಗುತ್ತಾ ಹೇಳುತ್ತಾರೆ. ನಗುತ್ತಾ ಹೇಳಿದರೂ ಒಂದಕ್ಕಿಂತ ಹೆಚ್ಚು ಸಲ ಹೇಳುತ್ತಾರೆ. ಮಗ ಅದನ್ನು ಚಿಕ್ಕಂದಿನಿಂದ ಕೇಳಿಸಿಕೊಂಡು ಬೆಳೆದವರು. ಚಿನ್ನಕ್ಕನಿಗೆ ಇಂಥ ವಸ್ತುಗಳ ಹೆಸರಿನ ಬಾಲವಾದ 'ಎಟಿನ್' ಸೇರಿ ಸದರಿ ಪುಡಿಗೆ "ಚಿನ್ನಕ್ಕೆಟಿನ್" ಎಂಬ ಹೆಸರು ಬಂದದ್ದು ಹೀಗೆ.

೫. ವಿಭಾಗದ ವಾರ್ಷಿಕ ಸಭೆಯಲ್ಲಿ ತಾವು ಆ ಹೆಸರನ್ನು ಮೈಕಿನಲ್ಲಿ ಪ್ರಕಟಿಸಿದಿರಿ. ಮುಂದಿನ ಸಾಲಿನಲ್ಲಿದ್ದ ಅತ್ತೆಯವರನ್ನು ಎದ್ದು ನಿಲ್ಲುವಂತೆ ಕೇಳಿಕೊಂಡಿರಿ. ಅವರು ಎದ್ದು, ತಮ್ಮ ಕಡೆ ನೋಡದೆ, ಹಿಂದಕ್ಕೆ ತಿರುಗಿ ಇಡೀ ಸಭಾಂಗಣಕ್ಕೆ ಮುಖ ತೋರಿಸಿ ನಿಂತರು. ಚಪ್ಪಾಳೆ ನಿಂತ ಮೇಲೂ ಸ್ವಲ್ಪ ಹೊತ್ತು ನಿಂತೇ ಇದ್ದರು. ಮಾರನೆಯ ವಾರ ಕಾರಿಡಾರಿನ ಗೋಡೆಗೆ ಅಣುವಿನ ಚಿತ್ರವೂ ಹೆಸರೂ ಇರುವ ಫಲಕ ಬಂತು. ಅತ್ತೆಯವರು ಅದನ್ನು ನೋಡಲೆಂದೇ ಬಸ್ಸು ಹತ್ತಿ ಬಂದರು. ಕನ್ನಡಕ ಮರೆತು ಬಂದಿದ್ದರಿಂದ ಇನ್ನೊಮ್ಮೆ ಬಂದರು. ನಮ್ಮ ಬೀದಿಯ ಔಷಧಿ ಅಂಗಡಿಯವರಂತೂ ದಿನಾ ಕೇಳತೊಡಗಿದರು: "ಚಿನ್ನಕ್ಕ, ನಿಮ್ಮ ಮಾತ್ರೆ ಯಾವಾಗ ಬರುತ್ತೆ? ಊಟಕ್ಕೆ ಮುಂಚೆಯಾ, ಆದ್ಮೇಲಾ?"

೬. ಇದಾದ ಮೇಲೆ ಇಂಗಾಲದ ಅಳತೆ ಬಂತು.

೭. ನಾನು ಎಂದಿನಂತೆ ಕೋಷ್ಟಕ ಮಾಡಿದೆ. ಎಡಗಡೆ ನನ್ನ ಊಹೆ, ಬಲಗಡೆ ಯಂತ್ರದ ಅಂಕಿ. ಹೆಚ್ಚಿನವು ಅಣ್ಣತಮ್ಮಂದಿರ ಹಾಗೆ ಜೊತೆಜೊತೆಗೆ ನಿಂತವು. ಮೆಥಾಕ್ಸಿಯ ಇಂಗಾಲ ಮಾತ್ರ ನಿಲ್ಲಲಿಲ್ಲ. ಏಳನೆಯ ಜಾಗದಲ್ಲಿ ಕೂತಿದ್ದರೆ ಅದರ ಒಂದು ಮಗ್ಗುಲು, ಪುಟ್ಟ ಹೈಡ್ರೋಜನ್ ಒಂದನ್ನು ಬಿಟ್ಟರೆ, ಖಾಲಿ. ಆರಾಮವಾಗಿ ಕಾಲು ಚಾಚಿ ಐವತ್ತಾರರ ಹತ್ತಿರ ಬರಬೇಕು. ಯಂತ್ರ ಅರವತ್ತರ ಮೇಲೆ ತೋರಿಸಿತು. ಮೆಥಾಕ್ಸಿ ಅರವತ್ತು ದಾಟುವುದು ಎರಡೂ ಮಗ್ಗುಲಲ್ಲಿ ಆಮ್ಲಜನಕ ಒತ್ತಿಕೊಂಡು ಕೂತು, ಅದಕ್ಕೆ ಮಲಗಲು ಜಾಗವಿಲ್ಲದೆ ಎದ್ದು ನಿಂತಾಗ. ಅಂದರೆ ಅದು ಇರುವುದು ಏಳರಲ್ಲಿ ಅಲ್ಲ, ಆರರಲ್ಲಿ.

ಮೊದಲು ನನ್ನನ್ನೇ ಅನುಮಾನಿಸಿದೆ. ಲೆಕ್ಕವನ್ನು ಬೇರೆ ವಿಧಾನದಲ್ಲಿ ಹಾಕಿದೆ. ಪತಿಯವರು ಹಿಂದೆ ತೆಗೆದ, ಚಿತ್ರ ಖಾತ್ರಿಯಾಗಿರುವ ಪುಡಿಗಳ ಮೇಲೆ ಅದೇ ಲೆಕ್ಕವನ್ನು ಪರೀಕ್ಷಿಸಿದೆ. ಎಲ್ಲವೂ ಸರಿ ಬಂದವು. ಕೊನೆಗೆ ಮೆಥಾಕ್ಸಿಯನ್ನು ಆರನೆಯ ಜಾಗಕ್ಕೆ ಎತ್ತಿ ಕೂರಿಸಿ ಲೆಕ್ಕ ಹಾಕಿದೆ. ಆ ಇಂಗಾಲ ಸರಿಯಾಯಿತು. ಅಷ್ಟೇ ಅಲ್ಲ, ಅಕ್ಕಪಕ್ಕದವೂ ಇನ್ನಷ್ಟು ಹತ್ತಿರ ಬಂದವು. ಆಮೇಲೆ ಹಳೆಯ ಲೇಖನಗಳನ್ನು ಹುಡುಕಿದೆ. ಆರನೆಯ ಜಾಗದ ಅಣು ನಾನು ಹುಟ್ಟುವ ಮೊದಲೇ ಇನ್ಯಾವುದೋ ಗಿಡದ ಬೇರಿನಲ್ಲಿ ಸಿಕ್ಕಿ, ಹೆಸರಿಡಿಸಿಕೊಂಡು, ಪುಸ್ತಕ ಸೇರಿತ್ತು.

೮. ಈ ವಿಷಯವನ್ನು ನಾನು ಪತಿಯವರಿಗೆ ಮನೆಯಲ್ಲಿ, ಅವರು ಲೋಟ ತೊಳೆಯುತ್ತಿರುವಾಗ ತಿಳಿಸಿದೆ. ಅವರು ಮನೆಯ ಲೋಟವನ್ನೂ ಪ್ರಯೋಗಾಲಯದ ಗಾಜಿನಂತೆಯೇ ತೊಳೆದು, ಬೆಳಕಿಗೆ ಹಿಡಿದು, ಮತ್ತೆ ತೊಳೆಯುವವರು.

"ಅರವತ್ತು ಬಂದಿದೆ" ಅಂದೆ.

"ಏನು ಅರವತ್ತು?"

"ನಿಮ್ಮ ಮೆಥಾಕ್ಸಿ."

ಅವರು ಲೋಟವನ್ನು ಕೆಳಗಿಡಲಿಲ್ಲ. "ಯಂತ್ರ ಬಿಸಿಯಾಗಿತ್ತೇನೋ."

"ಬಿಸಿಯಾಗಿದ್ರೆ ಎಲ್ಲಾ ಅಂಕೀನೂ ಜಾಗ ಬಿಟ್ಟು ಸರಿಯೋದು. ಇದೊಂದೇ ಯಾಕೆ?"

"ನಿನ್ನ ಲೆಕ್ಕ ತಪ್ಪಿರಬಹುದು."

"ಇರಬಹುದು ಅಂತಲೇ ವಾರದಿಂದ ನೋಡ್ತಿದೀನಿ. ತಪ್ಪಿಲ್ಲ."

ಆಗ ಅವರು, "ನಿನ್ನ ಕಂಪ್ಯೂಟರು ಜನ್ಮದಲ್ಲಿ ಒಂದು ಎಲೆ ಮುಟ್ಟಿದೆಯಾ?" ಎಂದರು. ನಾನು, "ಎಲೆ ಮುಟ್ಟದಿದ್ರೂ ಅರವತ್ತು ಅರವತ್ತೇ" ಎಂದೆ. ಉತ್ತರ ಸರಿಯಾಗಿತ್ತು. ಹೇಳಬೇಕಾದ ಉತ್ತರ ಅದಾಗಿರಲಿಲ್ಲ ಎಂದು ಅವರು ಲೋಟ ಒರೆಸುವ ಬಟ್ಟೆಯನ್ನು ಮಡಚಿಟ್ಟ ರೀತಿಯಿಂದ ತಿಳಿಯಿತು.

೯. ತದನಂತರ ಮನೆಯಲ್ಲಿ ನೇರ ಸಂಪರ್ಕ ಸ್ಥಗಿತಗೊಂಡು, ಎಲ್ಲ ವ್ಯವಹಾರವೂ ಅತ್ತೆಯವರ ಮುಖಾಂತರ ನಡೆಯತೊಡಗಿತು. "ಅಮ್ಮ, ಗ್ಯಾಸ್ ಬುಕ್ ಮಾಡಿದಾಳಾ ಕೇಳು." "ಅತ್ತೆ, ಮಾಡಿದೀನಿ ಅಂತ ಹೇಳಿ." ಮೂವರೂ ಒಂದೇ ಮೇಜಿನ ಸುತ್ತ ಕೂತಿದ್ದೆವು. ಅತ್ತೆಯವರು ಸ್ವಲ್ಪ ಕಾಲ ಸಹಿಸಿದರು. ಆಮೇಲೆ, "ನಾನೇನು ಇನ್ನೂ ಟಿಕೆಟ್ ಕಿಟಕೀಲಿ ಕೂತಿದೀನಾ, ಈ ಕಡೆಯಿಂದ ಇಸ್ಕೊಂಡು ಆ ಕಡೆ ಕೊಡೋಕೆ? ಏನಾಗಿದೆ ನಿಮಗೆ?" ಎಂದರು. ಇಬ್ಬರೂ ಏನಿಲ್ಲ ಎಂದೆವು. ಅಷ್ಟು ದಿನಗಳಲ್ಲಿ ನಾವಿಬ್ಬರೂ ಒಪ್ಪಿದ್ದು ಅದೊಂದೇ ಮಾತು.

೧೦. ಇದೇ ಅವಧಿಯಲ್ಲಿ ನಾನು ತಮ್ಮ ಕೋಣೆಗೆ ಬಂದು ವಿಷಯ ತಿಳಿಸಿದೆ. ತಾವು ಕನ್ನಡಕ ತೆಗೆದು ಒರೆಸಿ, "ನೋಡಮ್ಮ, ಇಷ್ಟೊಂದು ಅಂಕಿ ಹೊಂದಿದೆ. ಹೊಂದದ್ದು ಒಂದು ತಾನೇ? ಕೆಳಗೆ ಸಣ್ಣಕ್ಷರದಲ್ಲಿ ದ್ರಾವಕದ ಪ್ರಭಾವ ಅಂತ ಹಾಕಿಬಿಡು, ಯಾರೂ ಕೇಳಲ್ಲ" ಎಂದು ಅಪ್ಪಣೆ ಕೊಡಿಸಿದಿರಿ. ಪುಡಿ ಕರಗಿಸಿದ ಆ ದ್ರಾವಕವು ಉಳಿದ ಯಾವ ಇಂಗಾಲವನ್ನೂ ಮುಟ್ಟದೆ, ಇದೊಂದನ್ನು ಮಾತ್ರ ಕಂಕುಳಿಗೆ ಕೈಹಾಕಿ ಎತ್ತಿತು ಎಂದು ಬರೆಯಲು ಕೈ ಬರಲಿಲ್ಲ. ಬರೆದಿದ್ದರೆ ಪತಿಯವರಿಗೆ ಸಂತೋಷವಾಗುತ್ತಿತ್ತೇ ಎಂದೂ ಯೋಚಿಸಿದೆ. ಆ ದಿನ ಆಗುತ್ತಿತ್ತು. ಮುಂದೆ ಒಂದು ದಿನ, ಎಲ್ಲಿಯೋ ಒಬ್ಬರು ಇದೇ ಅಣುವನ್ನು ಅಳೆದು, ಚಿನ್ನಕ್ಕೆಟಿನ್ ಎಂಬುದು ತಪ್ಪು ಎಂದು ಅಚ್ಚು ಹಾಕಿಸಿದರೆ, ಅಚ್ಚಿನಲ್ಲಿ ತಪ್ಪಾಗಿ ಉಳಿಯುವುದು ನಮ್ಮ ಅತ್ತೆಯವರ ಹೆಸರು. ಆದಕಾರಣ ಬರೆಯಲಿಲ್ಲ. ಆದಕಾರಣ ತಡವಾಯಿತು. ಆದಕಾರಣ ಮೆಮೊ ಬಂತು.

೧೧. ಮುಂದುವರಿದು, ನಡುವೆ ಒಂದು ದಿನ ಮಧ್ಯಾಹ್ನ ಯಂತ್ರದ ಕೋಣೆಯ ಮೇಲ್ವಿಚಾರಕರು ನನಗೆ ಫೋನ್ ಮಾಡಿದರು. "ಮೇಡಂ, ನಿಮ್ಮ ಯಜಮಾನರು ಬೆಳಗ್ಗೆಯಿಂದ ಇಲ್ಲೇ ಕೂತಿದಾರೆ. ಊಟಕ್ಕೂ ಏಳಲ್ಲ ಅಂತಾರೆ. ನೀವು ಬಂದು ಹೇಳಿದ್ರೆ ಕೇಳ್ತಾರೇನೋ." ಆಗ ನಾನು ಹೇಳಿದರೆ ಕೇಳುವ ಪರಿಸ್ಥಿತಿ ಇರಲಿಲ್ಲ ಎಂದು ಅವರಿಗೆ ವಿವರಿಸುವ ಬದಲು ಊಟದ ಡಬ್ಬಿ ತೆಗೆದುಕೊಂಡು ಇಳಿದು ಹೋದೆ. ಉಕ್ಕಿನ ಡಬ್ಬಿ, ಕೈಗಡಿಯಾರ, ಬೀಗದಕೈ ಎಲ್ಲವನ್ನೂ ನಿಯಮದಂತೆ ಬಾಗಿಲಲ್ಲೇ ಇಟ್ಟು ಒಳಗೆ ಹೋದೆ.

ಅವರು ನನ್ನ ಲೆಕ್ಕ ತಪ್ಪೆಂದು ತೋರಿಸಲು ತಮ್ಮದೇ ಪರೀಕ್ಷೆಗೆ ಕೂತಿದ್ದರು. ಪರೀಕ್ಷೆ ಸರಳ. ಮೆಥಾಕ್ಸಿಯ ಹೈಡ್ರೋಜನ್ನುಗಳನ್ನು ರೇಡಿಯೊ ಅಲೆಯಿಂದ ತಟ್ಟಬೇಕು. ಮಗ್ಗುಲಲ್ಲೇ ಇನ್ನೊಂದು ಹೈಡ್ರೋಜನ್ ಇದ್ದರೆ ಅದಕ್ಕೂ ಎಚ್ಚರವಾಗಿ ಪರದೆಯ ಮೇಲೆ ಅದರ ಗೆರೆ ಏಳುತ್ತದೆ. ಮೆಥಾಕ್ಸಿ ಏಳರಲ್ಲಿದ್ದರೆ ಎಂಟರ ಹೈಡ್ರೋಜನ್ ಪಕ್ಕದಲ್ಲೇ ಇದೆ, ಗೆರೆ ಏಳಬೇಕು. ಆರರಲ್ಲಿದ್ದರೆ ಎರಡು ಕಡೆಯೂ ಆಮ್ಲಜನಕ. ಏಳುವವರು ಯಾರೂ ಇಲ್ಲ.

ಆ ಕೋಣೆಯಲ್ಲಿ ಅಯಸ್ಕಾಂತದ ಭಯಕ್ಕೆ ಮರದ ಕುರ್ಚಿ ಮಾತ್ರ ಇಟ್ಟಿರುತ್ತಾರೆ, ಅದೂ ಒಂದೇ. ನಾನು ಗೋಡೆಗೆ ಒರಗಿ ನಿಂತೆ. ಅವರು ಪರದೆಯಿಂದ ಕಣ್ಣು ತೆಗೆಯಲಿಲ್ಲ. ಗೆರೆ ನೆಲ ಕಚ್ಚಿಕೊಂಡಿತ್ತು. ಅವರು ಇನ್ನೊಮ್ಮೆ ಶುರು ಮಾಡಿದರು. ಯಂತ್ರದ ಪಂಪು ಟಕ್ ಟಕ್ ಎನ್ನುತ್ತಿತ್ತು. ಸ್ವಲ್ಪ ಹೊತ್ತಾದ ಮೇಲೆ ಎದ್ದು, "ಕೂತ್ಕೋ" ಎಂದರು. ಲೋಟದ ದಿನದ ನಂತರ ನೇರವಾಗಿ ನನ್ನನ್ನುದ್ದೇಶಿಸಿ ಹೊರಟ ಮೊದಲ ಮಾತು ಅದು. ನಾನು ಕೂತೆ. ಅವರು ನಿಂತರು. ಆಮೇಲೆ ನಾನು ಎದ್ದೆ, ಅವರು ಕೂತರು. ಹೀಗೆ ಸರದಿಯ ಮೇಲೆ ಆ ಗೆರೆಯನ್ನು ಕಾದೆವು. ನನ್ನ ಲೆಕ್ಕ ತಪ್ಪಲಿ, ಆ ಗೆರೆ ಒಂದು ಕೂದಲೆಳೆಯಷ್ಟಾದರೂ ಏಳಲಿ ಎಂದು ನಾನು ಮನಸ್ಸಿನಲ್ಲೇ ಬೇಡಿಕೊಂಡೆ. ಇದು ಕರ್ತವ್ಯಲೋಪವಾಗುವುದರಿಂದ ನನ್ನ ಸೇವಾ ಪುಸ್ತಕದಲ್ಲಿ ನಮೂದಿಸಬಾರದಾಗಿ ಕೋರುತ್ತೇನೆ.

ಕೊನೆಗೆ ಅವರೇ ಹೇಳಿದರು. "ಏಳರಲ್ಲಿದ್ದಿದ್ರೆ ಏಳಬೇಕಿತ್ತು. ಏಳ್ತಿಲ್ಲ."

ಸರಿಯಾದ ಉತ್ತರಗಳನ್ನು ಕೊಟ್ಟು ನನಗೂ ಸಾಕಾಗಿತ್ತು.

"ಅಮ್ಮಂಗೆ ನಾನೇ ಹೇಳ್ತೀನಿ" ಎಂದರು. ಆಮೇಲೆ ಬಾಗಿಲ ಕಡೆ ನೋಡಿ, "ಡಬ್ಬೀಲಿ ಏನಿದೆ?" ಎಂದರು.

೧೨. ಅಂದು ಸಂಜೆ ಅವರು ಅತ್ತೆಯವರನ್ನು ಅಡುಗೆಮನೆಯಲ್ಲಿ ಕೂರಿಸಿಕೊಂಡು ಹೇಳಿದರು. ನಡೆದ ಸಂಭಾಷಣೆಯನ್ನು ನಾನು ಖುದ್ದಾಗಿ ಕೇಳಿದ್ದರಿಂದ ಯಥಾವತ್ತಾಗಿ ಕೊಡುತ್ತಿದ್ದೇನೆ.

"ಅಮ್ಮ, ಆ ಪುಡಿಗೆ ನಿನ್ನ ಹೆಸರು ಇಟ್ಟಿದ್ನಲ್ಲ, ಅದು ನಿಲ್ಲಲ್ಲ."

"ಯಾಕೆ?"

"ಅದರಲ್ಲಿ ಒಬ್ಬ ಏಳನೇ ಜಾಗದಲ್ಲಿ ಕೂತಿದಾನೆ ಅಂತ ನಾನು ಬರ್ದಿದ್ದೆ. ಅವನು ಕೂತಿರೋದು ಆರನೇದರಲ್ಲಿ."

"ಸೀಟ್ ನಂಬರ್ ತಪ್ಪಾಯ್ತು ಅನ್ನು. ತಪ್ಪಾದ್ರೆ ನಂಬರ್ ತಿದ್ದು. ಹೆಸರು ಯಾಕೆ ತೆಗೀತೀಯ?"

"ಆರನೇದರಲ್ಲಿ ಕೂತಿರೋದಕ್ಕೆ ಆಗಲೇ ಬೇರೆ ಹೆಸರಿದೆ ಅಮ್ಮ. ಯಾರೋ ಎಷ್ಟೋ ವರ್ಷದ ಹಿಂದೆ ಇಟ್ಟಿದಾರೆ."

"ಅವರು ಮೊದಲೇ ಟಿಕೆಟ್ ತಗೊಂಡುಬಿಟ್ಟಿದಾರೆ?"

"ಹೂಂ."

ಅತ್ತೆಯವರು, "ಹಾಗಿದ್ರೆ ಏಳಿಸೋಕೆ ಬರಲ್ಲ" ಎಂದರು. ಪತಿಯವರು ತಲೆ ತಗ್ಗಿಸಿ ಕೂತೇ ಇದ್ದರು. ಅತ್ತೆಯವರು ಅವರ ತಲೆಯ ಮೇಲೆ ಕೈಯಿಟ್ಟು, ನನ್ನ ಕಡೆ ತಿರುಗಿ, "ಇದನ್ನ ಕಂಡು ಹಿಡಿದಿದ್ದು ನೀನಾ?" ಎಂದು ಕೇಳಿದರು. ನಾನು ಹೌದೆಂದೆ. "ಅದಕ್ಕೇನಾ ಇವನು ಗ್ಯಾಸ್ ವಿಷಯಾನೂ ನನ್ನ ಹತ್ರ ಕೇಳಿಸ್ತಿದ್ದಿದ್ದು?" ಎಂದು ಮಗನ ಕಿವಿ ಹಿಡಿದರು. ಸದರಿ ಮಗನ ತಲೆಗೂದಲು ಅರ್ಧ ನರೆತಿದೆ ಎಂಬುದನ್ನು ಇಲ್ಲಿ ಸ್ಮರಿಸಬಹುದು.

ಇದೆಲ್ಲ ಮುಗಿಯಿತೆಂದು ನಾವು ಏಳುವಷ್ಟರಲ್ಲಿ ಅವರು ಉಲ್ಲೇಖ ೩ರ ಆದೇಶ ಹೊರಡಿಸಿದರು. "ಹೆಸರು ಇಟ್ಟಾಗ ನಿಮ್ಮ ಸಾಹೇಬರು ಮೈಕಲ್ಲಿ ಹೇಳಿದ್ರು. ತೆಗೆಯುವಾಗಲೂ ಮೈಕಲ್ಲೇ ಹೇಳಲಿ. ಗೋಡೆಯಿಂದ ಆ ಬೋರ್ಡನ್ನ ಯಾರೂ ಇಲ್ಲದ ಹೊತ್ತಲ್ಲಿ ಕಿತ್ತು ಬೀರು ಹಿಂದೆ ಇಡೋದೆಲ್ಲ ಬೇಡ. ನಾನು ಏನು ಕದ್ದಿದೀನಾ? ನಾನೂ ಬರ್ತೀನಿ, ಮುಂದೇನೇ ಕೂತ್ಕೋತೀನಿ. ಎದ್ದು ನಿಲ್ಲು ಅಂದ್ರೆ ನಿಲ್ತೀನಿ."

ಪತಿಯವರು, "ಅಮ್ಮ, ನಿನಗೆ ಬೇಜಾರಾಗಲ್ವಾ?" ಎಂದರು. "ಆಗುತ್ತೆ. ಬೇಜಾರಾದ್ರೆ ಮುಖ ಮುಚ್ಕೊಂಡು ಕೂರಬೇಕಾ?" ಎಂದು ಅವರು ಒಲೆಯ ಕಡೆ ತಿರುಗಿದರು. ಅವತ್ತು ಸಾರಿಗೆ ಉಪ್ಪು ಹಾಕಲು ಮರೆತರು. ನಾವಿಬ್ಬರೂ ಅದನ್ನು ಹೇಳದೆ ಊಟ ಮಾಡಿದೆವು.

೧೩. ಪ್ರಸ್ತುತ ಸ್ಥಿತಿ ಹೀಗಿದೆ. ಔಷಧಿ ಅಂಗಡಿಯವರಿಗೆ ಅತ್ತೆಯವರೇ ಹೋಗಿ, ಮಾತ್ರೆ ಬರುವುದಿಲ್ಲ ಎಂದು ತಿಳಿಸಿದ್ದಾರೆ. ಪತಿಯವರು ಮತ್ತೆ ಎಲೆ ಕೀಳಲು ಶುರು ಮಾಡಿದ್ದಾರೆ. ಎಲೆಯ ಸಾರವನ್ನು ಬೇರ್ಪಡಿಸುವ ಗಾಜಿನ ಕೊಳವೆಯಲ್ಲಿ ಆ ಹಳದಿ ಪುಡಿಯ ಪಟ್ಟಿಯ ಹಿಂದೆಯೇ ಇಳಿಯುವ ಇನ್ನೊಂದು ತಿಳಿ ಬಣ್ಣದ ಪಟ್ಟಿ ಇದೆಯಂತೆ; ಅದರ ಚಿತ್ರವನ್ನು ಪೆನ್ಸಿಲಿನಲ್ಲಿ ಬರೆದು, ಬೇರೆ ಯಾರಿಗೂ ತೋರಿಸುವ ಮೊದಲು, ಮೆಟ್ಟಿಲು ಹತ್ತಿ ಬಂದು ನನ್ನ ಮೇಜಿನ ಮೇಲಿಟ್ಟರು. "ಮೊದಲು ನೀನು ಲೆಕ್ಕ ಹಾಕು. ಆಮೇಲೆ ಅಳೆಯೋಣ" ಎಂದರು. ರಬ್ಬರನ್ನೂ ಪಕ್ಕದಲ್ಲಿಟ್ಟು ಹೋದರು. ಲೆಕ್ಕ ಹಾಕುತ್ತಿದ್ದೇನೆ. ಈ ಪುಡಿಯೂ ಬಹಳ ಕಡಿಮೆ ಇರುವುದರಿಂದ ಅದರ ಇಂಗಾಲದ ಅಳತೆಗೆ ಯಂತ್ರದ ಮುಂದೆ ಇಡೀ ದಿನ ಕೂರಬೇಕಾಗುತ್ತದೆ.

ಆದ್ದರಿಂದ ಮಾನ್ಯರು ದಯಮಾಡಿ,

ಅ) ಹೊಂದದ ಕೋಷ್ಟಕವನ್ನು ಹೊಂದದ ಸ್ಥಿತಿಯಲ್ಲಿಯೇ ಅಂಗೀಕರಿಸಿ, ಜೊತೆಗಿರುವ ಆರನೆಯ ಜಾಗದ ಕೋಷ್ಟಕವನ್ನು ಕಡತಕ್ಕೆ ಸೇರಿಸಬೇಕಾಗಿಯೂ, ಮೆಮೊವನ್ನು ತಮ್ಮ ಕಾರಿಡಾರಿನ ತಿದ್ದುಪಡಿಯ ಪ್ರಕಾರ ಹಿಂಪಡೆಯಬೇಕಾಗಿಯೂ,

ಆ) ಮುಂದಿನ ಸಭೆಯಲ್ಲಿ ಸದರಿ ಹೆಸರನ್ನು ಹಿಂಪಡೆದಿರುವುದಾಗಿ ಮೈಕಿನಲ್ಲಿ, ಕೆಮ್ಮಿ ಗಂಟಲು ಸರಿಮಾಡಿಕೊಳ್ಳದೆ, ಪ್ರಕಟಿಸಬೇಕಾಗಿಯೂ, ಅತ್ತೆಯವರಿಗೆ ಮುಂದಿನ ಸಾಲಿನಲ್ಲಿ ಆಸನ ಕಾದಿರಿಸಬೇಕಾಗಿಯೂ,

ಇ) ಇನ್ನು ಮುಂದೆ ಇಂಗಾಲದ ಕೋಷ್ಟಕ ಕೈಗೆ ಬರುವವರೆಗೆ, ನೌಕರರು ತಮ್ಮ ಬದುಕಿರುವ ಬಂಧುಗಳ ಹೆಸರನ್ನು ಯಾವುದೇ ಪುಡಿಗೆ ಇಡದಂತೆ ಸುತ್ತೋಲೆ ಹೊರಡಿಸಬೇಕಾಗಿಯೂ,

ಈ) ಯಂತ್ರದ ಕೋಣೆಗೆ ಇನ್ನೊಂದು ಕುರ್ಚಿಯನ್ನು ಮಂಜೂರು ಮಾಡಬೇಕಾಗಿಯೂ

ಈ ಮೂಲಕ ವಿನಂತಿಸಿಕೊಳ್ಳುತ್ತೇನೆ.

ದ್ರಾವಕದ ಪ್ರಭಾವವೊಂದನ್ನು ಬಿಟ್ಟು ಉಳಿದೆಲ್ಲ ವಿಷಯಗಳಲ್ಲಿ
ತಮ್ಮ ವಿಶ್ವಾಸಿ,
(ಸಹಿ)
ಲೆಕ್ಕದ ಕೋಣೆಯ ಸಂಶೋಧಕಿ

ಲಗತ್ತುಗಳು:
೧. ಏಳನೆಯ ಜಾಗದ ಕೋಷ್ಟಕ, ಹೊಂದಿಲ್ಲ.
೨. ಆರನೆಯ ಜಾಗದ ಕೋಷ್ಟಕ, ಹೊಂದಿದೆ.
೩. ಪತಿಯವರು ನಡೆಸಿದ ಪರೀಕ್ಷೆಯ ಪ್ರತಿ. ಪೂರ್ತಿ ಚಪ್ಪಟೆ ಗೆರೆ ಇರುವುದರಿಂದ ಹಾಳೆ ಖಾಲಿ ಬಂದಿದೆಯೆಂದು ಭಾವಿಸಬಾರದು.

ಪ್ರತಿಗಳು:
ಮಾಹಿತಿಗಾಗಿ, ಕೆಳಮಹಡಿಯ ಪತಿಯವರಿಗೆ.
ಅನುಮೋದನೆಗಾಗಿ, ಅತ್ತೆಯವರಿಗೆ.

ವಿ.ಸೂ.: ಮೇಲೆ ಕೋರಿದ ಕುರ್ಚಿ ಮರದ್ದೇ ಆಗಿರಬೇಕು. ಉಗ್ರಾಣದಲ್ಲಿ ಸದ್ಯಕ್ಕೆ ಕಬ್ಬಿಣದವೇ ಇವೆ ಎಂದು ಗುಮಾಸ್ತರು ಹೇಳುತ್ತಾರೆ. ಅದನ್ನು ಕೊಟ್ಟರೆ ಯಂತ್ರವು ಕುರ್ಚಿಯನ್ನು ಕೂತವರ ಸಮೇತ ಎಳೆದುಕೊಳ್ಳುತ್ತದೆ. ಎರಡು ಕುರ್ಚಿಗಳನ್ನು ಅಕ್ಕಪಕ್ಕ ಹಾಕುವಷ್ಟು ಜಾಗ ಇದೆಯೇ ಎಂದು ಪತಿಯವರೂ ನಾನೂ ಅಳೆದು ನೋಡಿದ್ದೇವೆ. ಸ್ವಲ್ಪ ಒತ್ತಿಕೊಂಡು ಕೂರಬೇಕಾಗುತ್ತದೆ. ಅಡ್ಡಿಯಿಲ್ಲ.